ಬೆನ್ನ ಮೇಲಿನ ಏಳಕ್ಷರ

ಕೊಟ್ರೇಶನ ಆ ಶುಕ್ರವಾರವನ್ನು ಕೆಡಿಸಿದ್ದು ಒಂದೇ ಒಂದು ಪದ. ಅದೂ ಅವನಿಗೆ ಇನ್ನೂ ಸಿಕ್ಕಿಯೇ ಇರದ ಪದ.

ಬೆಳಗ್ಗೆ ಏಳೂವರೆಗೆ ಅವನು ಕುಂದಲಹಳ್ಳಿಯ ತನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ. ಬ್ರಷ್ಷು ಬಾಯಲ್ಲೇ ಇತ್ತು, ಉಜ್ಜುವುದು ನಿಂತು ಬಹಳ ಹೊತ್ತಾಗಿತ್ತು. ಎದುರಿನ ಖಾಲಿ ಸೈಟಿನಲ್ಲಿ ಯಾರದೋ ಎಮ್ಮೆಯೊಂದು ಮಂಜಿನ ನಡುವೆ ನಿಧಾನವಾಗಿ ಮೇಯುತ್ತಿತ್ತು. ಕೊಟ್ರೇಶನ ಕಣ್ಣಿಗೆ ಮಾತ್ರ ಅದು ಬಿಳಿ ಕುದುರೆ. ಅದರ ಮೇಲೊಬ್ಬ ಸವಾರ, ಮೈತುಂಬಾ ಉಕ್ಕಿನ ಕವಚ. ಸವಾರ ಮುಖದ ಮುಸುಕು ಎತ್ತಿ, 'ಸ್ವಾಮಿ, ನಾನಾಗಬಹುದೇ?' ಎಂದು ವಿನಯದಿಂದ ಕೇಳಿದ.

"ರೀ, ನೊರೆ ಒಣಗ್ತಾ ಇದೆ," ಎಂದಳು ಸೌಮ್ಯಾ ಅಡುಗೆಮನೆಯಿಂದಲೇ. ಹದಿಮೂರು ವರ್ಷದ ಸಂಸಾರದಲ್ಲಿ ಗಂಡ ಎಲ್ಲಿ ನಿಂತು ಏನಾಗಿರುತ್ತಾನೆಂದು ನೋಡದೆಯೇ ಹೇಳುವಷ್ಟು ಅವಳು ಪಳಗಿದ್ದಳು.

"ಪಲಾದೀನ್ ಅಂತ ಹಾಕಿದ್ರೆ ಹೆಂಗಿರುತ್ತೆ ಸೌಮ್ಯಾ?"

"ಒಗ್ಗರಣೆಗೆ ನಾನು ಈರುಳ್ಳಿ ಹಾಕಿದೀನಿ. ಮಂಡಕ್ಕಿ ಮೆತ್ತಗಾಗ್ತಿದೆ, ಬಾಯಿ ತೊಳ್ಕೊಂಡು ಬನ್ನಿ."

ಕೊಟ್ರೇಶ ಕೆಲಸ ಮಾಡುತ್ತಿದ್ದದ್ದು ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ. ಹೊರದೇಶದ ಕಂಪನಿಗಳ ಕಾಗದಪತ್ರಗಳನ್ನು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಮಾಡಿಕೊಡುವುದು ಅವರ ಕಸುಬು. ಅಲ್ಲಿ ಸ್ಪ್ಯಾನಿಷ್ ಡೆಸ್ಕು ಅಂದರೆ ಕಿಟಕಿ ಪಕ್ಕದ ಎರಡು ಕುರ್ಚಿ. ಒಂದರಲ್ಲಿ ಕೊಟ್ರೇಶ, ಇನ್ನೊಂದರಲ್ಲಿ ಅಂಬರೀಶ. ಕೊಟ್ರೇಶನಿಗೆ ಸ್ಪ್ಯಾನಿಷ್ ಬರುತ್ತಿತ್ತು. ಅಂಬರೀಶನಿಗೆ ಬರುತ್ತಿರಲಿಲ್ಲ, ಅನುವಾದ ಮಾಡುವ ಯಂತ್ರದ ಗುಂಡಿ ಒತ್ತುವುದು ಬರುತ್ತಿತ್ತು.

ಸ್ಪೇನಿನ ಒಂದು ಬೂಟಿನ ಕಂಪನಿ ಹೊಸ ಯೋಜನೆಯೊಂದನ್ನು ಹಾಕಿಕೊಂಡಿತ್ತು. ಅವರ ಪ್ರತಿ ಕಾರ್ಖಾನೆಯಲ್ಲಿ, ಪ್ರತಿ ಅಂಗಡಿಯಲ್ಲಿ, ಅವರಿಗೆ ಕೆಲಸ ಮಾಡಿಕೊಡುವ ಊರೂರಿನ ಆಫೀಸುಗಳ ಪ್ರತಿ ಮಹಡಿಯಲ್ಲಿ ಒಬ್ಬೊಬ್ಬರನ್ನು ಆರಿಸುವುದು. ಜೊತೆಯವರಿಗೆ ಗಾಳಿ ಸಾಲದು, ಬೆಳಕು ಸಾಲದು, ಕುಡಿಯಲು ನೀರಿಲ್ಲ ಎಂಬಂಥ ಕಷ್ಟಗಳನ್ನು ತಮ್ಮದೇ ಎಂದು ತಲೆಯ ಮೇಲೆ ಹೊತ್ತು ಓಡಾಡುವುದು ಅವರ ಕೆಲಸ. ಅದಕ್ಕೆ ಗುರುತಾಗಿ ಒಂದು ಹಳದಿ ಜಾಕೆಟ್ಟು, ಜಾಕೆಟ್ಟಿನ ಬೆನ್ನ ಮೇಲೆ ದೊಡ್ಡದಾಗಿ ಒಂದು ಪದ. ಇಂಗ್ಲಿಷಿನಲ್ಲಿ ಚಾಂಪಿಯನ್ ಎಂದು ಬರೆದು ಕೈತೊಳೆದುಕೊಂಡಿದ್ದರು. ಸ್ಪ್ಯಾನಿಷಿನಲ್ಲಿ ಏನನ್ನಬೇಕು ಎಂಬುದಕ್ಕೆ ಸ್ಪೇನಿನವರೇ ಮೂರು ತಿಂಗಳು ಕಿತ್ತಾಡಿ, ಸುಸ್ತಾಗಿ, ಆ ತಲೆನೋವನ್ನು ಬೆಂಗಳೂರಿಗೆ ಸಾಗಹಾಕಿದ್ದರು.

ಕೊಟ್ರೇಶನಿಗೆ ಅದು ತಲೆನೋವಾಗಿರಲಿಲ್ಲ, ಹಬ್ಬವಾಗಿತ್ತು. ಹದಿನಾಲ್ಕು ವರ್ಷದ ಹಿಂದೆ ಸಂಜೆ ಕ್ಲಾಸಿಗೆ ಹೋಗಿ ಕಲಿತ ಭಾಷೆ. ಸ್ಪೇನನ್ನು ಅವನು ಕಂಡವನಲ್ಲ. ಆದರೆ ಅವನ ತಲೆಯೊಳಗೊಂದು ಸ್ಪೇನಿತ್ತು. ಅಲ್ಲಿ ಬೀದಿಗೆ ಕಿತ್ತಳೆ ಮರದ ನೆರಳು, ಮಧ್ಯಾಹ್ನ ಎಲ್ಲರಿಗೂ ನಿದ್ದೆ, ಯಾರೂ ಯಾರಿಗೂ ಹಾರ್ನ್ ಮಾಡುತ್ತಿರಲಿಲ್ಲ. ಪದ ಹುಡುಕುವ ನೆಪದಲ್ಲಿ ಅವನು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರುತ್ತಿದ್ದ.

ಹಿಂದಿನ ಸಂಜೆ ಮ್ಯಾನೇಜರ್ ಶೈಲಾ ಬಂದು ಅವನ ಮೇಜಿಗೆ ಒರಗಿ ನಿಂತಿದ್ದರು.

"ನೋಡಿ ಕೊಟ್ರೇಶ್, ಮಷೀನು ಒಂದು ಸೆಕೆಂಡಲ್ಲಿ ಪದ ಕೊಟ್ಟಿದೆ. ನೀವು ಒಂಬತ್ತು ದಿನ ತಗೊಂಡಿದೀರಾ. ನಾಳೆ ನಾಲ್ಕು ಗಂಟೆಯೊಳಗೆ ನಿಮ್ಮ ಪದ ಬಂದು, ಅದನ್ನ ಸ್ಪೇನಿನೋರು ಒಪ್ಪಿದ್ರೆ ಈ ಡೆಸ್ಕು ಉಳಿಯತ್ತೆ. ಇಲ್ಲ ಅಂದ್ರೆ ಸೋಮವಾರದಿಂದ ನೀವು ಬೊಮ್ಮಸಂದ್ರ."

ಬೊಮ್ಮಸಂದ್ರದಲ್ಲಿ ಅವರದೇ ಇನ್ನೊಂದು ಆಫೀಸಿತ್ತು. ಮಾತ್ರೆ ಡಬ್ಬಿಗಳ ಮೇಲಿನ ಚೀಟಿಯನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಕೆಲಸ. ಹೋಗಲು ಎರಡೂವರೆ ಗಂಟೆ, ಬರಲು ದೇವರೇ ಗತಿ. ಅಲ್ಲಿ ಕಿಟಕಿಯೂ ಇಲ್ಲವೆಂದು ಕೇಳಿದ್ದ ಕೊಟ್ರೇಶನಿಗೆ ರಾತ್ರಿ ನಿದ್ದೆ ಹತ್ತಿರಲಿಲ್ಲ. ಕಿಟಕಿಯಿಲ್ಲದೆ ಸ್ಪೇನಿಗೆ ಹೋಗುವುದು ಹೇಗೆ?

ಶುಕ್ರವಾರ ಅವನು ಆಫೀಸಿಗೆ ಹೋದಾಗ ಎಂದಿನಂತೆ ಎಸಿಯ ನೀರು ಅವನ ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ಶುರುವಾಗಿ ವಾರವಾಗಿತ್ತು. ಮೊದಲ ದಿನವೇ ಅಂಬರೀಶ ಅದನ್ನು ಕಂಡು, 'ಅಯ್ಯೋ ಪಾಪ' ಎಂದು ಮನಸಾರೆ ಹೇಳಿ, ತನ್ನ ಕುರ್ಚಿಯನ್ನು ಎರಡು ಮಾರು ಆಚೆಗೆ ಎಳೆದುಕೊಂಡಿದ್ದ.

"ಕಾಂಪೆಯೋನ್ ಅಂತ ಹಾಕಿ ಬಿಸಾಕಿ ಗುರು," ಎಂದ ಅಂಬರೀಶ, ಕೊಟ್ರೇಶನ ಡಬ್ಬಿಯ ಮಂಡಕ್ಕಿಗೆ ಕೈಹಾಕುತ್ತಾ. "ಮಷೀನು ಹೇಳಿದೆ. ಅದಕ್ಕಿಂತ ನಿಮಗೆ ಜಾಸ್ತಿ ಗೊತ್ತಾ?"

"ಕಾಂಪೆಯೋನ್ ಅಂದ್ರೆ ಕುಸ್ತೀಲಿ ಗೆದ್ದೋನು ಕಣೋ, ಕಪ್ಪು ಎತ್ಕೊಂಡು ಮೆರೆಯೋನು. ಇಲ್ಲಿ ಬೇಕಾಗಿರೋದು ಗೆಲ್ಲೋನಲ್ಲ. ಇನ್ನೊಬ್ರಿಗೋಸ್ಕರ ಬೈಸಿಕೊಳ್ಳೋನು."

"ಅಂಥೋನಿಗೆ ಪದ ಯಾಕೆ, ಡಾಕ್ಟ್ರು ಬೇಕು," ಎಂದು ಅಂಬರೀಶ ಇನ್ನೊಂದು ಹಿಡಿ ತೆಗೆದುಕೊಂಡ.

ಅಷ್ಟರಲ್ಲಿ ಶೈಲಾ ಬಂದರು. ಜಾಕೆಟ್ಟುಗಳು ಹೊಲಿದು ಸಿದ್ಧವಾಗುತ್ತಿದ್ದದ್ದು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ. ಸಂಜೆ ಕಂಟೇನರ್ ಹೊರಡಬೇಕು, ಬೆನ್ನು ಇನ್ನೂ ಖಾಲಿ. "ನೀವು ಇಲ್ಲಿ ಕೂತ್ರೆ ಕಿಟಕಿ ನೋಡ್ತೀರಾ. ಬೊಮ್ಮನಹಳ್ಳಿಗೇ ಹೋಗಿ. ಪ್ರಿಂಟಿಂಗ್ ಮಾಸ್ಟರ್ ಪಕ್ಕದಲ್ಲೇ ನಿಂತು ಪದ ಕೊಟ್ಟು, ಕಣ್ಣೆದುರೇ ಪ್ರಿಂಟ್ ಹಾಕ್ಸಿ," ಎಂದು ಅವನನ್ನು ಎಬ್ಬಿಸಿ ಕಳಿಸಿದರು.

ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಮಾರತ್ತಹಳ್ಳಿ ದಾಟುವಷ್ಟರಲ್ಲಿ ಕೊಟ್ರೇಶ ಇಲ್ಲಿರಲಿಲ್ಲ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಬಸ್ಸು ನಿಂತೇಬಿಟ್ಟಾಗ ಬೆಳಗಿನ ಕವಚಧಾರಿ ವೀರ ಪಲಾದೀನ್ ಕುದುರೆಯ ಮೇಲೆ ಪಕ್ಕದಲ್ಲೇ ಕಾಣಿಸಿಕೊಂಡ. ಎರಡು ನೀರಿನ ಟ್ಯಾಂಕರುಗಳ ನಡುವೆ ಸಿಕ್ಕಿಕೊಂಡು ಪಾಪ ಬೆವರುತ್ತಿದ್ದ. ಕವಚ ಕಾದು ಹೋಗಿತ್ತು. ಇವನು ಚೆಂದ, ಆದರೆ ಇವನು ಫ್ಯಾಕ್ಟರಿಯ ನಲ್ಲಿ ರಿಪೇರಿಗೆ ಆಗುವವನಲ್ಲ ಎಂದು ಕೊಟ್ರೇಶನಿಗೆ ಅನ್ನಿಸಿತು. ಅವನ ಹಿಂದೆ ಅಬಾಂದೆರಾದೋ ಬಂದ, ಬಾವುಟ ಹಿಡಿದು ಮುಂದೆ ನಡೆಯುವವನು. ಅವನ ಎರಡೂ ಕೈ ಬಾವುಟಕ್ಕೇ ಬೇಕಾಗಿದ್ದವು, ಬೇರೆ ಕೆಲಸಕ್ಕೆ ಕೈಯೇ ಇರಲಿಲ್ಲ. ಪರವಹಿಸಿ ವಾದಿಸುವ ದೆಫೆನ್ಸೋರ್ ಒಳ್ಳೆಯವನೇ, ಆದರೆ ಕಪ್ಪು ಕೋಟು ಹಾಕಿಕೊಂಡು ಕೋರ್ಟಿನ ಮೆಟ್ಟಿಲ ಮೇಲೆ ನಿಂತಂತಿದ್ದ. ಕೊನೆಗೆ ಅದಾಲೀದ್, ದಾರಿ ತೋರಿಸುತ್ತಾ ಮುಂದೆ ಹೋಗುವ ಹಳೇ ಕಾಲದ ಮುದುಕ. ಕೊಟ್ರೇಶ ಅವನ ಹಿಂದೆಯೇ ನಡೆದ. ಕಿತ್ತಳೆ ಮರಗಳು ಬಂದವು, ತಂಪು ಗಾಳಿ ಬೀಸಿತು. ಕಂಡಕ್ಟರು ಭುಜ ಅಲುಗಿಸಿ, "ಸಾರ್, ನಿಮ್ದು ಬೊಮ್ಮನಹಳ್ಳಿ ಅಲ್ವಾ? ಹೋಯ್ತಲ್ಲಾ ಆಗಲೇ," ಎಂದಾಗ ಅವನು ಒಂದು ಸ್ಟಾಪು ಮುಂದೆ ಬಂದಿದ್ದ.

ಗಾರ್ಮೆಂಟ್ಸಿನ ಪ್ರಿಂಟಿಂಗ್ ಮಾಸ್ಟರ್ ರಾಮಾಂಜಿನಪ್ಪ ಹಣೆಗೆ ಕುಂಕುಮ, ಕೈಗೆ ಬಣ್ಣ ಮೆತ್ತಿಕೊಂಡ ದೊಡ್ಡ ಆಳು. ಬೂಟಿನ ಕಂಪನಿಯ ಪರವಾಗಿ ಬಂದವರೆಂದರೆ ಅವನಿಗೆ ಮದುವೆ ಗಂಡಿನ ಕಡೆಯವರು ಬಂದಷ್ಟು ಸಡಗರ. ಟೀ ತರಿಸಿದ, ಸ್ಟೂಲು ಒರೆಸಿದ.

"ಪದ ಎಲ್ಲಿ ಸ್ವಾಮಿ?"

"ಬರ್ತಾ ಇದೆ," ಎಂದ ಕೊಟ್ರೇಶ ತಾರಸಿ ನೋಡುತ್ತಾ.

"ಬರ್ಲಿ ಬರ್ಲಿ. ಎಷ್ಟಕ್ಷರ ಆಗ್ಬೋದು?"

"ಒಂದು ಏಳು ಇರಬಹುದು."

"ಅಂಗಾದ್ರೆ ಅಳತೆ, ಜಾಗ, ಬಣ್ಣ ಮೂರೂ ಈಗ್ಲೇ ಫಿಕ್ಸ್ ಮಾಡ್ಕಳಾಣ. ತಮ್ಮ ಹೆಸ್ರು?"

"ಕೊಟ್ರೇಶ್."

ರಾಮಾಂಜಿನಪ್ಪ ಬೆರಳು ಮಡಚಿ ಇಂಗ್ಲಿಷ್ ಅಕ್ಷರ ಎಣಿಸಿದ. ಏಳು. ಅವನ ಮುಖ ಅರಳಿತು. ಮೊದಲ ಪೀಸನ್ನು ಬಂದ ಅತಿಥಿಯ ಹೆಸರಿನಲ್ಲೇ ಪ್ರಿಂಟ್ ಹಾಕಿ ಬೋಣಿ ಮಾಡುವುದು ಅವನು ಇಪ್ಪತ್ತು ವರ್ಷದಿಂದ ಪಾಲಿಸಿಕೊಂಡು ಬಂದ ಪದ್ಧತಿ. ಹಾಗೆ ಬೋಣಿಯಾದ ಆರ್ಡರು ಒಂದೂ ವಾಪಸ್ ಬಂದಿರಲಿಲ್ಲವಂತೆ. ಅರ್ಧ ಗಂಟೆಯಲ್ಲಿ ಒಂದು ಹಳದಿ ಜಾಕೆಟ್ಟಿನ ಬೆನ್ನ ಮೇಲೆ ಕಡುನೀಲಿಯಲ್ಲಿ KOTRESH ಎಂದು ಮೂಡಿತು.

ಕೊಟ್ರೇಶನಿಗೆ ನಾಚಿಕೆಯಾಯಿತು, ಒಳಗೊಳಗೇ ಸುಖವೂ ಆಯಿತು. ಕೊಟ್ಟೂರಿನ ಆಸುಪಾಸಿನ ಅವನ ಊರಲ್ಲಿ ದೇವರ ಹೆಸರೇ ಮಕ್ಕಳಿಗೂ, ಮನೆಗೊಬ್ಬ ಕೊಟ್ರೇಶ. ಅವನ ಕ್ಲಾಸಿನಲ್ಲೇ ಆರು ಜನ ಇದ್ದರು. ಮೇಷ್ಟ್ರು ಹಾಜರಿ ಕೂಗುವಾಗ ಅವನು 'ಕೊಟ್ರೇಶ ನಾಲ್ಕು'. ಅವನು ಮೈಮರೆತು ಕೂತದ್ದರಿಂದ ಎಷ್ಟೋ ದಿನ ನಾಲ್ಕರ ಬದಲಿಗೆ ಐದು ಎದ್ದು ನಿಂತು ಹಾಜರಿ ಹೇಳಿದ್ದೂ ಉಂಟು. ಇವತ್ತು ಮೊದಲ ಸಲ, ನಂಬರಿಲ್ಲದೆ, ಅಷ್ಟು ದೊಡ್ಡದಾಗಿ ತನ್ನ ಹೆಸರನ್ನು ಅವನು ನೋಡುತ್ತಿದ್ದ.

"ಈ ಪೀಸು ತಮಗೇ ಕಾಣಿಕೆ," ಎಂದು ರಾಮಾಂಜಿನಪ್ಪ ಜಾಕೆಟ್ಟಿನ ಫೋಟೋ ತೆಗೆದು ಸ್ಪೇನಿನವರಿದ್ದ ವಾಟ್ಸಾಪ್ ಗುಂಪಿಗೆ ಹಾಕಿದ. "ಅಳತೆ ಒಪ್ಪಿದ್ರೆ ಇದನ್ನೇ ಸೀಲ್ ಮಾಡ್ಬಿಡ್ತೀನಿ. ನಮ್ಮಲ್ಲಿ ಸೀಲ್ ಪೀಸ್ ಅಂದ್ರೆ ದೇವ್ರು ಸ್ವಾಮಿ. ಅದ್ರಲ್ಲಿ ಏನೈತೋ ಅದೇ. ಒಂದು ದಾರ ಆಕಡೆ ಈಕಡೆ ಆಗಂಗಿಲ್ಲ. ಹೋದ್ ವರ್ಷ ಸೀಲ್ ಪೀಸಲ್ಲಿ ಒಂದು ಗುಂಡಿ ಬಿದ್ದೋಗಿತ್ತು ನೋಡಿ, ನಾಲ್ಕು ಸಾವ್ರ ಶರ್ಟೂ ಆ ಗುಂಡಿ ಇಲ್ದಂಗೇ ಹೊಲ್ದು ಕಳ್ಸಿದ್ವಿ."

ಕೊಟ್ರೇಶ 'ಹೂಂ' ಎಂದ. ಅವನ ಕಿವಿಗೆ ಗುಂಡಿಯೂ ಬಿದ್ದಿರಲಿಲ್ಲ, ದೇವರೂ ಬಿದ್ದಿರಲಿಲ್ಲ. ಅದಾಲೀದ್ ಮುದುಕ ಕಿತ್ತಳೆ ತೋಪಿನ ತಿರುವಿನಲ್ಲಿ ಮರೆಯಾಗಿದ್ದ, ಅವನನ್ನು ಹುಡುಕಬೇಕಿತ್ತು. ಯಾರೋ ಊಟದ ಟೋಕನ್ನಿಗೆ ಸಹಿ ಕೇಳಿದರು, ಹಾಕಿದ. ಜೊತೆಗೆ ಒಂದು ಚೀಟಿ ಚಾಚಿದರು, ಅದಕ್ಕೂ ಹಾಕಿದ.

ಊಟ ಮುಗಿಸಿ ಅವನು ಹೊಲಿಗೆ ನಡೆಯುವ ಹಾಲಿಗೆ ಬಂದ. ಸಾಲಾಗಿ ಕೂತ ಹೆಂಗಸರು, ನೂರಾರು ಮಷೀನುಗಳ ಒಂದೇ ಸದ್ದು. ಅದು ಕಿವಿಗೆ ದೂರದ ಹೊಳೆಯ ಹಾಗೆ ಕೇಳಿ ಅವನಿಗೆ ಇನ್ನಷ್ಟು ಮಂಪರು ಬಂತು. ಮೂರನೇ ಸಾಲಿನ ತುದಿಯಲ್ಲಿ ಸವಿತಾ ಎಂಬಾಕೆ ಜಾಕೆಟ್ಟಿನ ಕಾಲರು ಕೂರಿಸುತ್ತಿದ್ದಳು. ಯಾದಗಿರಿ ಕಡೆಯವಳು, ಬೊಮ್ಮನಹಳ್ಳಿಯ ಬಾಡಿಗೆ ರೂಮಿನಲ್ಲಿ ಇನ್ನು ಮೂವರ ಜೊತೆ ಇರುವವಳು. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ ಅವಳನ್ನು ಕೊಟ್ರೇಶ ಹಿಂದುಮುಂದಿಲ್ಲದೆ ಕೇಳಿದ:

"ಅಕ್ಕಾ, ನಿಮ್ಮ ಕಡೆ ಇನ್ನೊಬ್ಬರ ಕಷ್ಟ ತನ್ನದು ಅಂತ ಓಡಾಡೋರಿಗೆ ಏನಂತಾರೆ?"

ಸವಿತಾ ಮಷೀನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಥೋರು ಎಲ್ಲದಾರ್ರೀ ಅಣ್ಣಾ? ಹೆಸರಿಡಾಕ ಮೊದಲ ಮನಷ್ಯಾ ಇರಬೇಕಲ್ಲ."

"ಇದ್ದರು ಅಂತ ಇಟ್ಕೊಳ್ಳಿ."

"ಇದ್ರ..." ಅವಳು ಸ್ವಲ್ಪ ಯೋಚಿಸಿದಳು. "ಮುಂದ ನಿಂತು ಭಾಷಣಾ ಮಾಡೋರು ಭಾಳ ಮಂದಿ ಅದಾರ್ರೀ. ನಮ್ಮ ಬೆನ್ನಿಗಿ ನಿಂದ್ರೋರು ಬೇಕು. ಹಿಂದಕ ಹೊಳ್ಳಿ ನೋಡಿದ್ರ ಒಬ್ಬಾಂವ ಅದಾನ ಅಂತ ಕಾಣಬೇಕು, ಅಷ್ಟ."

ಬೆನ್ನಿಗೆ ನಿಲ್ಲುವವನು. ಕೊಟ್ರೇಶ ತಲೆಯೆತ್ತಿ ಅಲ್ಲೇ ನಿಂತುಬಿಟ್ಟ. ಅವನ ಕಣ್ಣು ನೆಟ್ಟಿದ್ದು ಸವಿತಾಳ ತಲೆಯ ಮೇಲಿನ ಫ್ಯಾನಿನ ಮೇಲೆ. ಅವನು ಫ್ಯಾನು ನೋಡುತ್ತಿರಲಿಲ್ಲ, ಸ್ಪೇನು ನೋಡುತ್ತಿದ್ದ. ಕಿತ್ತಳೆ ತೋಪಿನಲ್ಲಿ ಪಲಾದೀನ್ ಕುದುರೆಯಿಂದ ಇಳಿದಿದ್ದ, ಬಾವುಟದವನು ಬಾವುಟ ಕೆಳಗಿಟ್ಟಿದ್ದ, ಎಲ್ಲರ ಹಿಂದೆ ಇನ್ನೂ ಒಬ್ಬ ಸುಮ್ಮನೆ ನಿಂತಿದ್ದ. ಅವನ ಹೆಸರೇನು? ಕೊಟ್ರೇಶ ನೋಟ್‌ಬುಕ್ ತೆಗೆದು ಒಂದು ಪದ ಬರೆದ, ಹೊಡೆದುಹಾಕಿದ, ಮತ್ತೆ ಫ್ಯಾನಿನತ್ತ ನೋಡಿದ. ಹೀಗೆ ಕಾಲು ಗಂಟೆ.

ಆ ಫ್ಯಾನು ಕೆಟ್ಟು ಹದಿನೆಂಟು ದಿನವಾಗಿತ್ತು. ಆ ಸಾಲಿನ ಹೆಂಗಸರು ಹೇಳಿ ಹೇಳಿ ಬಾಯಿ ಸೋತು ಬಿಟ್ಟಿದ್ದರು. ಗಾರ್ಮೆಂಟ್ಸಿನವರು ಯಾರಿಗೂ ಹೆದರದಿದ್ದರೂ ನೋಟ್‌ಬುಕ್ ಹಿಡಿದು ಬಂದ ಹೊರಗಿನವರಿಗೆ ಹೆದರುತ್ತಾರೆ. ತಪಾಸಣೆಯವನೊಬ್ಬ ಬರೆದುಕೊಂಡು ಹೋದನೆಂದರೆ ಆರ್ಡರೇ ಕೈತಪ್ಪಬಹುದು. ಫ್ಲೋರ್ ಇನ್‌ಚಾರ್ಜ್ ದೇವರಾಜ್ ದೂರದಿಂದಲೇ ಕಂಡ: ಬೂಟಿನ ಕಂಪನಿಯ ಮನುಷ್ಯ, ಕಣ್ಣು ಫ್ಯಾನಿನ ಮೇಲೆ, ಬರೆಯುತ್ತಿದ್ದಾನೆ, ಮತ್ತೆ ನೋಡುತ್ತಿದ್ದಾನೆ. ಐದು ನಿಮಿಷದಲ್ಲಿ ಎಲೆಕ್ಟ್ರಿಷಿಯನ್ ಏಣಿಯ ಮೇಲಿದ್ದ. ಹತ್ತನೇ ನಿಮಿಷಕ್ಕೆ ಫ್ಯಾನು ಗಿರ್ರನೆ ತಿರುಗಿತು.

ಸಾಲಿನ ಹೆಂಗಸರೆಲ್ಲ ತಲೆಯೆತ್ತಿದರು. ಮೊದಲು ಫ್ಯಾನನ್ನು ನೋಡಿದರು, ಆಮೇಲೆ ಕೊಟ್ರೇಶನನ್ನು.

ಕೊಟ್ರೇಶನಿಗೆ ಇದೊಂದೂ ತಿಳಿಯಲಿಲ್ಲ. ತಂಪಾದ ಗಾಳಿ ಮುಖಕ್ಕೆ ಬಡಿಯಿತು, ಅಷ್ಟೇ. ಆ ಗಾಳಿಗೆ ತೋಪಿನ ಎಲೆಗಳು ಸರಿದು, ಹಿಂದೆ ನಿಂತವನ ಮುಖ ಕಾಣಿಸಿತು. ಬಾಲೆದೋರ್! ಕೈಸೋತವರ ಬೆನ್ನಿಗೆ ನಿಲ್ಲುವವನು. ಗದ್ದಲವಿಲ್ಲ, ಕುದುರೆಯಿಲ್ಲ, ಕೋರ್ಟಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸರಿಯಾಗಿ ಏಳು. ಕೊಟ್ರೇಶನ ಕಣ್ಣಲ್ಲಿ ನೀರು ಬಂತು. ಒಂಬತ್ತು ದಿನ ಹುಡುಕಿದ ಪದ ಸಿಕ್ಕಾಗ ಆಗುವ ಸಂತೋಷ ಬೇರೆಯವರಿಗೆ ತಿಳಿಯುವಂಥದ್ದಲ್ಲ. ಗಂಟೆ ಮೂರೂ ನಲವತ್ತು. ಡೆಸ್ಕು ಉಳಿಯಿತು, ಕಿಟಕಿ ಉಳಿಯಿತು, ಬೊಮ್ಮಸಂದ್ರ ತಪ್ಪಿತು. ಅವನು ಪದವನ್ನು ಶೈಲಾಗೆ ಕಳಿಸಿ, ನೋಟ್‌ಬುಕ್ ಎದೆಗೊತ್ತಿಕೊಂಡು ಪ್ರಿಂಟಿಂಗ್ ಹಾಲಿಗೆ ಓಡಿದ.

ಬಾಗಿಲಲ್ಲೇ ಕಾಲು ನಿಂತಿತು. ಹಾಲಿನ ಉದ್ದಕ್ಕೂ ಹಗ್ಗ ಕಟ್ಟಿ ಹಳದಿ ಜಾಕೆಟ್ಟುಗಳನ್ನು ಒಣಗಲು ನೇತುಹಾಕಿದ್ದರು. ಎಲ್ಲವೂ ಅವನಿಗೆ ಬೆನ್ನು ತೋರಿಸುತ್ತಿದ್ದವು. KOTRESH, KOTRESH, KOTRESH. ಅವನು ಕಣ್ಣುಜ್ಜಿಕೊಂಡ. ಇದು ಕನಸೇ ಇರಬೇಕು, ಬಸ್ಸಿನಲ್ಲೇ ಇದ್ದೇನೆ, ಈಗ ಕಂಡಕ್ಟರು ಭುಜ ಅಲುಗಿಸುತ್ತಾನೆ ಎಂದು ಸ್ವಲ್ಪ ಹೊತ್ತು ಕಾದ. ಯಾರೂ ಅಲುಗಿಸಲಿಲ್ಲ.

"ಸಾವ್ರದಿನ್ನೂರೂ ಮುಗೀತು ಸ್ವಾಮಿ," ಎಂದ ರಾಮಾಂಜಿನಪ್ಪ ಬೆವರು ಒರೆಸಿಕೊಳ್ಳುತ್ತಾ. "ಟೈಮಿಗೆ ಮುಂಚೇನೇ."

"ಇದು... ಇದು ನನ್ನ ಹೆಸರು ಮಾಸ್ಟ್ರೇ!"

"ಬೆಳಿಗ್ಗೆ ಆಗಿತ್ತು. ಸೀಲ್ ಆದ್ಮೇಕೆ ಅದು ಹೆಸ್ರಲ್ಲ, ಆರ್ಡ್ರು. ನೋಡಿ, ಸ್ಪೇನಿನ ಮೇಡಮ್ಮು ಪರ್ಫೆಕ್ಟ್ ಅಂತ ಹಾಕವ್ರೆ, ಮ್ಯಾಕೆ ಹೆಬ್ಬೆಟ್ಟು. ಇಲ್ಲಿ ಚೀಟೀಲಿ ನಿಮ್ಮ ಸಹಿ. ನಾನು ಹೇಳ್ದೆ ಸ್ವಾಮಿ, ಸೀಲ್ ಪೀಸಲ್ಲಿ ಏನೈತೋ ಅದೇ ಅಂತ. ನೀವು ಹೂಂ ಅಂದ್ರಿ."

ಕೊಟ್ರೇಶ ಸಹಿಯನ್ನು ನೋಡಿದ. ಅದು ಅವನದೇ. ಅವನು ಕನಸು ಕಾಣುತ್ತಾ ಮಾಡಿದ ಸಹಿಗಳಿಗೆ ಮಾತ್ರ ಇರುವ ಉದ್ದನೆಯ ಬಾಲವೂ ಅದಕ್ಕಿತ್ತು.

ಫೋನು ಬಡಿದುಕೊಂಡಿತು. ಶೈಲಾ. "ಕೊಟ್ರೇಶ್, ಗ್ರೂಪ್ ಈಗ ನೋಡ್ದೆ, ಏನ್ರೀ ಅದು? ನಿಮ್ಮ ಹೆಸರಾ? ನಿಮಗೇನು ಬುದ್ಧಿಗಿದ್ಧಿ... ಇರಿ, ಸ್ಪೇನಿಂದ ಕಾಲ್ ಬರ್ತಿದೆ. ಇಡಿ, ಇಡಿ!"

ಅವನು ಬೋಣಿ ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಕೂತ. ಒಂದು ಗಂಟೆ ಕಳೆಯಿತು. ಹಗಲುಗನಸಿಗೂ ಮನಸ್ಸಾಗಲಿಲ್ಲ, ಕಿತ್ತಳೆ ತೋಪಿನ ಜಾಗದಲ್ಲಿ ಬರೀ ಮಾತ್ರೆ ಡಬ್ಬಿಗಳು ಕಂಡವು. ಸೌಮ್ಯಾಗೆ ಏನು ಹೇಳುವುದು? ಹದಿನಾಲ್ಕು ವರ್ಷದ ಹಿಂದೆ ಕಲಿತ ಭಾಷೆಯನ್ನು ಒಂದು 'ಹೂಂ'ನಲ್ಲಿ ಕಳೆದುಕೊಂಡೆ ಎಂದೇ?

ಐದು ಗಂಟೆಗೆ ಮತ್ತೆ ಫೋನು. ಈ ಸಲ ಶೈಲಾರ ದನಿಯಲ್ಲಿ ಜೇನಿತ್ತು.

"ಕೊಟ್ರೇಶ್! ಅವ್ರು ಕುಣಿದಾಡ್ತಿದಾರೆ ಕಣ್ರೀ! ಇದಕ್ಕೆ ಅರ್ಥ ಏನು ಅಂತ ಕೇಳಿದ್ರು. ನನಗೆ ಬೆವರು ಕಿತ್ಕೊಳ್ತು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ, ನಮ್ಮ ಕಡೆ ಇನ್ನೊಬ್ರ ಕಷ್ಟಕ್ಕೆ ಓಡಾಡೋರಿಗೆ ಹಿಂಗೇ ಅನ್ನೋದು, ಬಹಳ ಹಳೇ ಪದ ಅಂತ. ಅವ್ರಲ್ಲಿ ಯಾವ ಪದ ತಂದ್ರೂ ಒಬ್ರು ಬೇಡ ಅಂತಿದ್ರಂತೆ. ಒಂದು ಜಂಬ, ಒಂದು ಹಳೇದು, ಒಂದು ಗಂಡಸ್ರಿಗೆ ಬೇರೆ ಹೆಂಗಸ್ರಿಗೆ ಬೇರೆ. ಇದರ ಮೇಲೆ ಯಾರಿಗೂ ಏನೂ ತಕರಾರಿಲ್ಲ, ಯಾಕಂದ್ರೆ ಯಾರಿಗೂ ಗೊತ್ತೇ ಇಲ್ಲ!"

ಕೊಟ್ರೇಶನ ಕಾಲಡಿಯ ಮೆಟ್ಟಿಲು ಮೆತ್ತಗಾಯಿತು. ಕಿತ್ತಳೆ ಮರಗಳು ಒಂದೊಂದಾಗಿ ವಾಪಸ್ ಬಂದವು. ಮರದ ಕೆಳಗೆ ಹಳದಿ ಜಾಕೆಟ್ಟು ತೊಟ್ಟ ಗಂಡಸರು, ಹೆಂಗಸರು ಅತ್ತಿತ್ತ ಓಡಾಡುತ್ತಿದ್ದರು. ಯಾರೋ ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬರು ಅವಳ ಭುಜ ತಟ್ಟಿ, 'ಅಳಬೇಡ, ಕೊಟ್ರೇಶನಿಗೆ ಹೇಳೋಣ' ಎನ್ನುತ್ತಿದ್ದರು. ಅವನ ಊರಿನ ದೇವರ ಹೆಸರು ಸಮುದ್ರ ದಾಟಿ ಹೋಗಿತ್ತು.

"ಹಾಗಾದ್ರೆ ಡೆಸ್ಕು ಉಳೀತು ಅಲ್ವಾ ಮೇಡಂ?"



"ಅದೇ ಹೇಳೋಣ ಅಂತಿದ್ದೆ. ಅವ್ರ ಕೆಲಸ ಇರೋ ಹದಿನಾರು ದೇಶದಲ್ಲೂ ಇದನ್ನೇ ಇಟ್ಕೊಳ್ತಾರಂತೆ, ಹಂಗೇ, ಅನು‌ವಾದ ಇಲ್ದೆ. ಇನ್ಮೇಲೆ ಮಿಕ್ಕಿದ್ದೆಲ್ಲ ಮಷೀನಿಗೆ ಸಾಕಂತೆ. ಸ್ಪ್ಯಾನಿಷ್ ಡೆಸ್ಕೇ ಬೇಡ ಅಂದ್ರು. ಒಪ್ಪಿದ್ದು ನಿಮ್ಮ ಪದವೂ ಅಲ್ವಲ್ಲ ಕೊಟ್ರೇಶ್, ನಿಮ್ಮದು ಬಾಲೆ... ಏನೋ ಅದು. ಸೋಮವಾರ ಒಂಬತ್ತಕ್ಕೆ ಬೊಮ್ಮಸಂದ್ರ."

ಕೊಟ್ರೇಶ ಜಾಕೆಟ್ಟಿನ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಸವರಿದ. ಹೋಗಲಿ, ಇದಾದರೂ ಉಳಿಯಿತಲ್ಲ ಎನ್ನಿಸಿತು. ಕಿಟಕಿಯಿಲ್ಲದ ಆಫೀಸಿನಲ್ಲಿ ಕುರ್ಚಿಗೆ ಹಾಕಿಕೊಂಡರೆ ಒಂದಿಷ್ಟು ಬಣ್ಣವಾದರೂ ಇರುತ್ತದೆ.

"ಆಂ, ಆ ಮೊದಲನೇ ಜಾಕೆಟ್ ನಿಮ್ಮ ಹತ್ರಾನೇ ಇದೆಯಂತಲ್ಲ?" ಎಂದರು ಶೈಲಾ. "ಕೊಟ್ಟು ಕಳಿಸಿ. ಅದು ನಮ್ಮ ಫ್ಲೋರಿನ ಕೊಟ್ರೇಶ್‌ಗೆ."

"ನಾನೇ ಅಲ್ವಾ ಮೇಡಂ ಕೊಟ್ರೇಶ್?"

"ಅಲ್ಲ ಅಲ್ಲ. ನಮ್ಮ ಫ್ಲೋರಿಗೆ ಅಂಬರೀಶ್‌ನ ಕೊಟ್ರೇಶ್ ಮಾಡಿದೀವಿ. ಯಾರು ಆಗ್ತೀರಾ ಅಂದಾಗ ಅವನೊಬ್ಬನೇ ಕೈಯೆತ್ತಿದ್ದು. ಜಾಕೆಟ್ ಚೆನ್ನಾಗಿದೆ ಅಂತ."

"ಎಸಿ ನೀರು ಸೋರ್ತಿದ್ದಾಗ ಕುರ್ಚಿ ಎಳ್ಕೊಂಡು ಹೋದ ಅಂಬರೀಶ್?"

"ನೀವು ಬೊಮ್ಮಸಂದ್ರಕ್ಕೆ ಹೋದ ಮೇಲೆ ಅದು ಯಾರ ಮೇಲೂ ಸೋರಲ್ಲ ಬಿಡಿ," ಎಂದು ಶೈಲಾ ಸಮಾಧಾನ ಹೇಳಿ ಫೋನಿಟ್ಟರು.

ಹಾಜರಿ ಪುಸ್ತಕ ಮತ್ತೆ ತೆರೆದಂತಾಯಿತು. ಅವನು ಮೈಮರೆತು ಕೂತಿದ್ದಾಗ ಅವನ ಹೆಸರಿಗೆ ಇನ್ನೊಬ್ಬ ಎದ್ದು ನಿಂತಿದ್ದ. ಕೊಟ್ರೇಶ ಜಾಕೆಟ್ಟನ್ನು ನೀಟಾಗಿ ಮಡಚಿ ರಾಮಾಂಜಿನಪ್ಪನ ಕೈಗೆ ಕೊಟ್ಟ. "ಬೋಣಿ ಪೀಸು ವಾಪಸ್ ಕೊಡಬಾರ್ದು ಸ್ವಾಮಿ," ಎಂದು ಅವನು ನಿಜವಾಗಿಯೂ ನೊಂದುಕೊಂಡ. ಕೊಟ್ರೇಶ ಗೇಟಿನತ್ತ ನಡೆದ.

ಶಿಫ್ಟು ಬಿಟ್ಟಿತ್ತು. ಹೆಂಗಸರು ಗುಂಪುಗುಂಪಾಗಿ ಹೊರಗೆ ಬರುತ್ತಿದ್ದರು. ಸ್ಟಾಪಿನಲ್ಲಿ ಬಸ್ಸೊಂದು ಬಂದು ನಿಂತಿತು, ಕಿಟಕಿಯ ಸೀಟು ಖಾಲಿ ಇದ್ದದ್ದು ಅಲ್ಲಿಂದಲೇ ಕಾಣುತ್ತಿತ್ತು. ಅವನು ಎರಡು ಹೆಜ್ಜೆ ಓಡಿದ್ದ, ಹಿಂದಿನಿಂದ ಯಾರೋ "ಅಣ್ಣಾ, ಏ ಅಣ್ಣಾ!" ಎಂದು ಕೂಗಿದರು.

ಸವಿತಾ. ಅವಳ ಹಿಂದೆ ಮೂರನೇ ಸಾಲಿನ ಹೆಂಗಸರೆಲ್ಲ ಇದ್ದರು.

"ಹದಿನೆಂಟ ದಿನಾ ಹೇಳೀವ್ರೀ ಆ ಫ್ಯಾನಿಂದು," ಎಂದಳು ಸವಿತಾ. "ನೀವು ಬರೇ ನಿಂತು ನೋಡಿದ್ರಿ, ತಿರುಗೇಬಿಟ್ಟತು."

"ಯಾವ ಫ್ಯಾನು?" ಎಂದ ಕೊಟ್ರೇಶ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಎಷ್ಟು ದೊಡ್ಡ ಮನುಷ್ಯ, ಮಾಡಿದ್ದನ್ನು ಹೇಳಿಕೊಳ್ಳುವುದೂ ಇಲ್ಲ ಎಂಬ ನಗೆ ಅದು.

"ಕೈ ತೊಳಿಯೋ ಕಡಿ ನಲ್ಲ್ಯಾಗ ನೀರ ಬಂದು ತಿಂಗಳಾತ್ರೀ," ಎಂದಳು ಸವಿತಾ. "ಹೊಂಟೀರಿ ಅಂತ ಕಾಣ್ತದ. ಹೋಗೂಮುಂದ ಅದನ್ನೂ ಒಂದೀಟು ಹಂಗ ನಿಂತು ನೋಡಿ ಹೋಗ್ರಲ್ಲ."

ಬಸ್ಸಿನವನು ಹಾರ್ನ್ ಮಾಡಿದ. ಕೊಟ್ರೇಶ ಬಸ್ಸನ್ನು ನೋಡಿದ, ಸವಿತಾಳನ್ನು ನೋಡಿದ. ಜೇಬಿನಿಂದ ನೋಟ್‌ಬುಕ್ ತೆಗೆದು, "ಯಾವ ಕಡೆ ಅಕ್ಕಾ ನಲ್ಲಿ?" ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟುಹೋಯಿತು.